ಗೇಮ್‌ನ ಸಂಗೀತ ಯಾರನ್ನು ವೀರನಾಗಿಸುತ್ತದೆ?

ಮಕ್ಕಳು ಆಡುವ ವಿಡಿಯೋ ಗೇಮ್‌ಗಳ ಬಗ್ಗೆ ನಮ್ಮಲ್ಲಿ ನಡೆಯುವ ಚರ್ಚೆಯೆಲ್ಲ ಕಣ್ಣಿಗೆ ಸಂಬಂಧಿಸಿದ್ದು. ಎಷ್ಟು ರಕ್ತ ಕಾಣಿಸಿತು, ಎಷ್ಟು ಹೊತ್ತು ಪರದೆ ನೋಡಿದ ಎಂದು ವಿಚಾರಿಸುತ್ತೇವೆ. ಕಿವಿಗೆ ಏನು ಬಿತ್ತು ಎಂದು ಯಾರೂ ಕೇಳುವುದಿಲ್ಲ. ಸೂಪರ್‌ಹೀರೋ ಗೇಮ್‌ಗಳ ಮಟ್ಟಿಗೆ ಇದು ಸಣ್ಣ ಲೋಪವಲ್ಲ. ಅಲ್ಲಿ ಯಾರು ವೀರ, ಯಾರನ್ನು ಹೊಡೆದರೆ ನ್ಯಾಯ ಎಂಬ ತೀರ್ಪನ್ನು ಮಗುವಿನ ಮನಸ್ಸಿಗೆ ಮೊದಲು ಮುಟ್ಟಿಸುವುದು ಸಂಗೀತವೇ.

ಸಿನಿಮಾದ ಹಿನ್ನೆಲೆ ಸಂಗೀತಕ್ಕೂ ಇದಕ್ಕೂ ವ್ಯತ್ಯಾಸವಿದೆ. ಸಿನಿಮಾದಲ್ಲಿ ದೃಶ್ಯದ ಉದ್ದ ಮೊದಲೇ ಗೊತ್ತು. ಗೇಮ್‌ನಲ್ಲಿ ಆಡುವವನು ಎಲ್ಲಿ ನಿಲ್ಲುತ್ತಾನೆ, ಯಾವಾಗ ಜಿಗಿಯುತ್ತಾನೆ ಎಂದು ಸಂಗೀತ ನಿರ್ದೇಶಕನಿಗೆ ತಿಳಿಯದು. ಅದಕ್ಕಾಗಿ ಸಂಗೀತವನ್ನು ಪದರ ಪದರವಾಗಿ ಮಾಡಿಡುತ್ತಾರೆ. ತಂತಿವಾದ್ಯದ್ದೊಂದು, ತಾಳವಾದ್ಯದ್ದೊಂದು, ಕಹಳೆಯದ್ದೊಂದು. ಆಟ ಬಿರುಸಾದಂತೆ ಕಂಪ್ಯೂಟರ್ ಪದರಗಳನ್ನು ಕೂಡಿಸುತ್ತದೆ, ತಣ್ಣಗಾದಾಗ ಕಳೆಯುತ್ತದೆ. 1978ರ ಜಪಾನಿನ ‘ಸ್ಪೇಸ್ ಇನ್ವೇಡರ್ಸ್’ನಲ್ಲಿ ಇದ್ದದ್ದು ನಾಲ್ಕೇ ಸ್ವರ. ಶತ್ರುಗಳ ಸಂಖ್ಯೆ ಕಡಿಮೆಯಾದಂತೆ ಆ ಸ್ವರಗಳ ವೇಗ ಹೆಚ್ಚುತ್ತಿತ್ತು, ಆಡುವವನ ಎದೆಬಡಿತವೂ ಹೆಚ್ಚುತ್ತಿತ್ತು. ಇಂದಿನ ದೊಡ್ಡ ವಾದ್ಯವೃಂದಗಳು ಮಾಡುತ್ತಿರುವುದೂ ಅದನ್ನೇ.

ಜಾನ್ ಪೇಸಾನೊ ಸಂಗೀತ ನೀಡಿದ 2018ರ ‘ಸ್ಪೈಡರ್‌ಮ್ಯಾನ್’ ಗೇಮ್‌ನಲ್ಲಿ ಹುಡುಗ ಬಲೆಯ ಎಳೆ ಹಿಡಿದು ಕಟ್ಟಡದಿಂದ ಕಟ್ಟಡಕ್ಕೆ ತೂಗತೊಡಗಿದೊಡನೆ ವಾದ್ಯವೃಂದ ಏರುತ್ತದೆ. ಆ ಉಲ್ಲಾಸ ನಿಜಕ್ಕೂ ಸೊಗಸಾದುದು. 2009ರ ಬ್ಯಾಟ್‌ಮ್ಯಾನ್ ಗೇಮ್ ‘ಅರ್ಖಾಮ್ ಅಸೈಲಂ’ನಲ್ಲಿ ರಾನ್ ಫಿಶ್ ಮತ್ತು ನಿಕ್ ಅರಂಡೆಲ್ ಹಿಡಿದ ದಾರಿ ಬೇರೆ. ಕತ್ತಲಲ್ಲಿ ಅಡಗಿ ಕೂತಾಗ ತಗ್ಗಿದ ಸ್ವರ, ಹೊಡೆದಾಟಕ್ಕೆ ಇಳಿದೊಡನೆ ತಾಳದ ಅಬ್ಬರ. ಎರಡರಲ್ಲೂ ಸಂಗೀತ ಆಡುವವನ ಕೈಬೆರಳನ್ನೇ ಹಿಂಬಾಲಿಸುತ್ತದೆ. ಹೀಗಾಗಿ ‘ನಾನು ಮಾಡಿದ್ದು ಸರಿ’ ಎಂಬ ಭಾವ ತನ್ನೊಳಗಿನಿಂದಲೇ ಹುಟ್ಟಿತೆಂದು ಮಗು ನಂಬುತ್ತದೆ. ಸಿನಿಮಾ ನೋಡುಗನಿಗೆ ಇಷ್ಟು ಹತ್ತಿರದ ಮುಖಸ್ತುತಿ ಸಿಗುವುದಿಲ್ಲ.

ಪಾತ್ರವನ್ನು ಹೀಗೆ ಹಿಂಬಾಲಿಸುವ ಸಂಗೀತ ಕನ್ನಡಿಗರಿಗೆ ಹೊಸದೇನಲ್ಲ. ಯಕ್ಷಗಾನದಲ್ಲಿ ವೇಷಧಾರಿಯ ಮಾತು ಎಷ್ಟು ಹೊತ್ತು ನಡೆಯುತ್ತದೆಂದು ಬರೆದಿಟ್ಟಿರುವುದಿಲ್ಲ. ಭಾಗವತರು ಕಾಯುತ್ತಾರೆ, ಹೊತ್ತು ನೋಡಿ ಪದ ಎತ್ತುತ್ತಾರೆ, ಯುದ್ಧಕ್ಕೆ ಚೆಂಡೆ ಸಿಡಿಯುತ್ತದೆ. ಆದರೆ ಅಲ್ಲಿ ರಾಕ್ಷಸನಿಗೂ ಒಡ್ಡೋಲಗವಿದೆ. ಬಣ್ಣದ ವೇಷ ರಂಗಕ್ಕೆ ಬರುವಾಗ ಚೆಂಡೆ ಅವನಿಗಾಗಿಯೇ ಮೊಳಗುತ್ತದೆ. ಅವನು ಅರ್ಥ ಹೇಳುತ್ತಾನೆ, ವಾದಿಸುತ್ತಾನೆ, ಆಮೇಲೆ ಸಾಯುತ್ತಾನೆ. ಸೂಪರ್‌ಹೀರೋ ಗೇಮ್‌ಗಳಲ್ಲಿ ಮುಖ್ಯ ಖಳನಾಯಕನಿಗೆ ಆ ಮರ್ಯಾದೆ ಸಿಕ್ಕೀತು. ಬೀದಿಯಲ್ಲಿ ಹತ್ತಾರು ಸಂಖ್ಯೆಯಲ್ಲಿ ಏಟು ತಿನ್ನುವವರಿಗೆ ಹೆಸರಿಲ್ಲ, ರಾಗವಿಲ್ಲ. ಅವರ ಬೆನ್ನ ಮೇಲೆ ಬೀಳುವ ತಾಳ ಮಾತ್ರ ಇದೆ.

ಇನ್ನು ಸ್ವರಗಳ ಮಾತು. ಸರಳೆ ವರಸೆ ಕಲಿಯುವ ಮಕ್ಕಳು ಮೊದಲು ಹಾಡುವುದು ಮಾಯಾಮಾಳವಗೌಳ. ಪುರಂದರದಾಸರು ಹಾಕಿಕೊಟ್ಟದ್ದೆಂದು ಪರಂಪರೆ ನಂಬುವ ಪಾಠವಿದು. ಹಿಂದೂಸ್ತಾನಿಯಲ್ಲಿ ಇವೇ ಸ್ವರಗಳು ಬೆಳಗಿನ ಭೈರವ್ ರಾಗವಾಗುತ್ತವೆ. ಅರಬ್ ಸಂಗೀತದ ಹಿಜಾಜ್‌ಕಾರ್ ಮಕಾಮ್ ಇದಕ್ಕೆ ಹತ್ತಿರದ ನೆಂಟ. ಪಶ್ಚಿಮದಲ್ಲಿ ಇದರ ಹೆಸರು ಡಬಲ್ ಹಾರ್ಮೋನಿಕ್. ಮರಳುಗಾಡು, ಗುಮ್ಮಟ, ಮುಸುಕು ಹಾಕಿದವರು ಪರದೆಯ ಮೇಲೆ ಬಂದರೆ ಈ ಸ್ವರಗಳನ್ನು ನುಡಿಸುವುದು ಹಾಲಿವುಡ್‌ನ ಹಳೆಯ ರೂಢಿ. ಅದು ಗೇಮ್‌ಗಳಿಗೂ ಇಳಿದು ಬಂದಿದೆ. ಮೈಸೂರಿನ ನಮ್ಮ ಶ್ರೀರಾಂಪುರದಂಥ ಬಡಾವಣೆಯಲ್ಲಿ ಒಂದೇ ಮಗು ಬೆಳಿಗ್ಗೆ ಪಾಠದಲ್ಲಿ ಹಾಡಿದ ರಿಷಭ, ಗಾಂಧಾರಗಳನ್ನು ಸಂಜೆ ‘ಎಚ್ಚರ, ಶತ್ರುವಿದ್ದಾನೆ’ ಎಂಬ ಸೂಚನೆಯಾಗಿ ಕೇಳಬಹುದು. ಭಯ ಸ್ವರದಲ್ಲಿ ಇಲ್ಲವೆಂಬುದಕ್ಕೆ ಆ ಮಗುವಿನ ಬೆಳಗಿನ ಪಾಠವೇ ಸಾಕ್ಷಿ. ಯಾರ ಮುಖದ ಜೊತೆ ಯಾವ ಸ್ವರವನ್ನು ಮತ್ತೆ ಮತ್ತೆ ಕೂಡಿಸಿದರು ಎಂಬುದರಲ್ಲಿ ಅದು ಇದೆ.

ರೂಢಿಯನ್ನು ಮುರಿಯಲಿಕ್ಕೂ ಬರುತ್ತದೆ. 2020ರ ‘ಮಾರ್ವೆಲ್ಸ್ ಅವೆಂಜರ್ಸ್’ ಗೇಮ್‌ನ ಕಥೆ ನಡೆಯುವುದು ಕಮಲಾ ಖಾನ್ ಎಂಬ ಪಾಕಿಸ್ತಾನಿ ಮೂಲದ ಅಮೆರಿಕನ್ ಮುಸ್ಲಿಂ ಹುಡುಗಿಯ ಮೂಲಕ. ಬಾಬಿ ತಹೌರಿಯ ಸಂಗೀತದಲ್ಲಿ ಕ್ಯಾಪ್ಟನ್ ಅಮೆರಿಕಾನ ಕಾಳಗಕ್ಕೆ ಏಳುವ ಅದೇ ವಾದ್ಯವೃಂದ ಅವಳ ಕಾಳಗಕ್ಕೂ ಏಳುತ್ತದೆ. ಗೇಮ್ ಬಹಳ ದಿನ ಬಾಳಲಿಲ್ಲ. 2023ರ ಸೆಪ್ಟೆಂಬರ್ ಕೊನೆಗೆ ಮಾರಾಟ ನಿಂತಿತು. ಆದರೂ ನಮ್ಮ ಮನೆಯ ಹೆಣ್ಣುಮಗಳ ಹೆಸರಿನಂಥ ಹೆಸರಿಗೆ ಕಹಳೆ ಮೊಳಗಿದ್ದನ್ನು ಕೇಳಿದ ಮಕ್ಕಳಿದ್ದಾರೆ. ಅದು ಕಡಿಮೆ ಮಾತಲ್ಲ.

ಸಂಗೀತ ಹಲಾಲೋ ಹರಾಮೋ ಎಂಬ ವಾದ ನಮ್ಮಲ್ಲಿ ಬಹಳ ಹಳೆಯದು. ಆ ವಾದ ಹಜಾರದಲ್ಲಿ ನಡೆಯುತ್ತಿರುವಾಗಲೇ ಒಳಕೋಣೆಯಲ್ಲಿ ಹೆಡ್‌ಫೋನ್ ಹಾಕಿಕೊಂಡ ಹುಡುಗನ ಕಿವಿಗೆ ಗಂಟೆಗಟ್ಟಲೆ ಸಂಗೀತ ಸುರಿಯುತ್ತಿರುತ್ತದೆ. ನಿಷೇಧಿಸುವವರೂ ಅದನ್ನು ಕೇಳಿಲ್ಲ, ಬಿಟ್ಟುಕೊಟ್ಟವರೂ ಕೇಳಿಲ್ಲ. ಒಂದು ಸಂಜೆ ಮಕ್ಕಳ ಪಕ್ಕ ಕೂತು ಐದು ನಿಮಿಷ ಶಬ್ದವಿಲ್ಲದೆ ಆಡಿಸಿ, ಮತ್ತೆ ಐದು ನಿಮಿಷ ಶಬ್ದದೊಂದಿಗೆ ಆಡಿಸಿ. ಆಮೇಲೆ, ಅವನು ಕೆಟ್ಟವನೆಂದು ನಿನಗೆ ಯಾವಾಗ ಗೊತ್ತಾಯಿತು ಎಂದು ಕೇಳಿ. ಉತ್ತರ ಹುಡುಕಲು ಮಗು ತನ್ನ ಕಿವಿಯನ್ನೇ ವಿಚಾರಿಸಬೇಕಾಗುತ್ತದೆ. ಆ ಅಭ್ಯಾಸ ಗೇಮ್ ಮುಗಿಸಿ ಟಿವಿಯ ಸುದ್ದಿ ನೋಡುವಾಗಲೂ ಅದಕ್ಕೆ ಬೇಕಾಗುತ್ತದೆ.