ಹೊರೆ ಬಿದ್ದ ಮೇಲೂ

ಜಾನ್ ಬನಿಯನ್ ಎಂದರೆ ಕನ್ನಡದ ಓದುಗರಿಗೆ ನೆನಪಾಗುವುದು ‘ಯಾತ್ರಿಕನ ಸಂಚಾರ’. ಹತ್ತೊಂಬತ್ತನೆಯ ಶತಮಾನದಲ್ಲಿ, ಮಿಷನರಿಗಳ ಕಾಲದಲ್ಲೇ, ಕನ್ನಡಕ್ಕೆ ಬಂದ ಪುಸ್ತಕ. ಪಾಪದ ಹೊರೆ ಹೊತ್ತ ಯಾತ್ರಿಕ ಶಿಲುಬೆಯ ಎದುರು ಬಂದದ್ದೇ ತಡ, ಬೆನ್ನಿನ ಗಂಟು ಕಳಚಿ ಉರುಳುತ್ತ ಹೋಗಿ ಸಮಾಧಿಯ ಬಾಯೊಳಗೆ ಬಿದ್ದು ಕಾಣೆಯಾಗುತ್ತದೆ. ಆಮೇಲೆ ಸಂಶಯದ ಕೋಟೆಯಲ್ಲಿ ಅವನು ಸೆರೆಯಾಗುವುದುಂಟು, ಆದರೆ ಆ ಗಂಟು ಮಾತ್ರ ಮತ್ತೆ ಬೆನ್ನೇರುವುದಿಲ್ಲ. 1678ರಲ್ಲಿ ಅಚ್ಚಾದ ಈ ರೂಪಕ ಎಷ್ಟು ಗಟ್ಟಿಯಾಗಿ ಬೇರೂರಿತೆಂದರೆ, ಇಂದಿಗೂ ನಮ್ಮ ಸಭೆಗಳಲ್ಲಿ ಸಾಕ್ಷಿ ಹೇಳುವವರ ಮಾತು ಬಹುಮಟ್ಟಿಗೆ ಇದೇ ಅಚ್ಚಿನಲ್ಲಿ ಎರಕವಾಗಿರುತ್ತದೆ: ಹಿಂದೆ ಹೀಗಿದ್ದೆ, ಕರ್ತನು ಮುಟ್ಟಿದನು, ಈಗ ಬಿಡುಗಡೆಯಾಗಿದ್ದೇನೆ.

ಅದಕ್ಕೂ ಹನ್ನೆರಡು ವರ್ಷ ಹಿಂದೆ, 1666ರಲ್ಲಿ, ಬೆಡ್‌ಫರ್ಡ್ ಜೈಲಿನಿಂದ ಅದೇ ಬನಿಯನ್ ಹೊರತಂದ ಆತ್ಮಕಥೆ ‘ಗ್ರೇಸ್ ಅಬೌಂಡಿಂಗ್’ ಈ ಅಚ್ಚಿಗೆ ಒಗ್ಗುವುದಿಲ್ಲ. ಪಾಪದಿಂದ ಬಿಡುಗಡೆ ಎಂಬ ಅನುಭವದ ಬಗ್ಗೆ ಅವನು ಬರೆದ ಹೆಚ್ಚು ನಿಜವಾದ ಪುಸ್ತಕ ಇದೇ ಎಂಬುದು ನನ್ನ ಅಭಿಪ್ರಾಯ. ಓದಲು ಸುಖವಿಲ್ಲ ಎಂಬುದನ್ನೂ ಹೇಳಿಬಿಡಬೇಕು.

ಪಾತ್ರೆಗಳ ತೂತು ಮುಚ್ಚಿ ಬದುಕುತ್ತಿದ್ದವನ ಮಗ ಬನಿಯನ್; ತಾನೂ ಅದೇ ಕಸುಬಿನವನು. ಅವನು ಒಪ್ಪಿಕೊಳ್ಳುವ ಪಾಪಗಳಾದರೂ ಎಂಥವು? ಬಾಯಿಗೆ ಬಂದಂತೆ ಆಣೆ ಹಾಕುವುದು, ಕುಣಿತ, ಚರ್ಚಿನ ಗಂಟೆ ಬಾರಿಸುವ ಚಟ, ಭಾನುವಾರದ ಆಟ. ಆ ಆಟವೋ, ನಮ್ಮ ಚಿನ್ನಿದಾಂಡಿನ ಇಂಗ್ಲಿಷ್ ದಾಯಾದಿ. ಚಿನ್ನಿಗೆ ಎರಡನೆಯ ಏಟು ಹಾಕಬೇಕೆನ್ನುವಾಗ ಪಾಪ ಬಿಟ್ಟು ಸ್ವರ್ಗಕ್ಕೆ ಬರುತ್ತೀಯೋ, ಇಟ್ಟುಕೊಂಡು ನರಕಕ್ಕೆ ಹೋಗುತ್ತೀಯೋ ಎಂಬ ವಾಣಿ ಎದೆಗೆ ಬಡಿಯುತ್ತದೆ. ಬೇರೆ ಯಾರ ಸಾಕ್ಷಿಯಲ್ಲಾದರೂ ಮುಂದಿನ ಸಾಲಿನಲ್ಲಿ ಮೊಣಕಾಲೂರಿರುತ್ತಿದ್ದರು. ಇವನು ಹೇಗಿದ್ದರೂ ಕೆಟ್ಟೆ, ಸ್ವಲ್ಪ ಪಾಪಕ್ಕೂ ನರಕವೇ, ಬಹಳ ಪಾಪಕ್ಕೂ ನರಕವೇ ಎಂದು ಲೆಕ್ಕ ಹಾಕಿ ಆಟ ಮುಂದುವರಿಸುತ್ತಾನೆ!

ಗಂಟೆಯ ಪ್ರಸಂಗ ಇನ್ನೂ ಸೊಗಸು. ಬಾರಿಸುವುದನ್ನು ಬಿಟ್ಟ, ನೋಡುವ ಆಸೆ ಬಿಡಲಿಲ್ಲ. ಗಂಟೆ ತಲೆಯ ಮೇಲೆ ಬಿದ್ದರೆ ಎಂಬ ಭಯಕ್ಕೆ ತೊಲೆಯ ಕೆಳಗೆ ನಿಂತ. ಗೋಡೆಗೆ ಬಡಿದು ಪುಟಿದು ಬಂದರೆ? ಬಾಗಿಲಿಗೆ ಸರಿದ. ಗೋಪುರವೇ ಕುಸಿದರೆ? ಓಡಿಹೋದ. ನಗು ಬರುತ್ತದೆ, ಬರಲೇಬೇಕು. ಆದರೆ ಚಟ ಬಿಡುವುದಕ್ಕೂ ಬಿಡುಗಡೆಗೂ ಇರುವ ಅಂತರವನ್ನು ಇಷ್ಟು ಕಡಿಮೆ ಮಾತಿನಲ್ಲಿ ತೋರಿಸಿದ ಧರ್ಮೋಪದೇಶವನ್ನು ನಾನಂತೂ ಓದಿಲ್ಲ. ಅವನು ಸುಧಾರಿಸಿದ, ನೆರೆಹೊರೆಯವರು ಹೊಗಳಿದರು, ಭಯ ಮಾತ್ರ ಇದ್ದಲ್ಲೇ ಇತ್ತು. ಬೆಡ್‌ಫರ್ಡಿನ ಒಂದು ಬಾಗಿಲಲ್ಲಿ ಬಿಸಿಲು ಕಾಯಿಸುತ್ತ ಕುಳಿತ ಮೂರ್ನಾಲ್ಕು ಬಡ ಹೆಂಗಸರು ಹೊಸ ಹುಟ್ಟಿನ ವಿಷಯ ಮಾತಾಡಿಕೊಳ್ಳುವುದನ್ನು ಕೇಳಿದಾಗ ಅವನಿಗೆ ತನ್ನ ಭಕ್ತಿಯ ಟೊಳ್ಳುತನ ಗೊತ್ತಾಗುತ್ತದೆ. ಅವರ ಮಾತಿನಲ್ಲಿ ಸಂತೋಷವಿತ್ತು. ಇವನಲ್ಲಿ ಇದ್ದದ್ದು ನಿಯಮಗಳು.

ನಿಜವಾದ ನರಕ ಶುರುವಾಗುವುದು ನಂಬಿಕೆ ಬಂದ ಮೇಲೆ. ಕ್ರಿಸ್ತನನ್ನು ಮಾರಿಬಿಡು ಎಂಬ ದನಿ ಊಟದಲ್ಲಿ, ಕೆಲಸದಲ್ಲಿ, ಹಾಸಿಗೆಯಲ್ಲಿ ಕಾಡುತ್ತದೆ. ಒಂದು ಬೆಳಗ್ಗೆ ಸೋತು, ಹೋಗುವುದಾದರೆ ಹೋಗಲಿ ಎಂದುಕೊಂಡುಬಿಡುತ್ತಾನೆ. ಮುಂದೆ ಎರಡು ವರ್ಷಕ್ಕೂ ಹೆಚ್ಚು ಕಾಲ, ಚೊಚ್ಚಲತನ ಮಾರಿಕೊಂಡ ಏಸಾವನ ವಚನ ಅವನ ಕೊರಳು ಹಿಡಿಯುತ್ತದೆ. ಕೃಪೆಯ ವಚನ ಬಂದಾಗ ಒಂದು ಗಳಿಗೆ ನೆಮ್ಮದಿ, ಏಸಾವ ಬಂದಾಗ ಮತ್ತೆ ಪಾತಾಳ. ಇಲ್ಲಿ ಪುಟಗಳು ಲಂಬಿಸುತ್ತವೆ, ಒಂದೇ ಗೋಳು ಮತ್ತೆ ಮತ್ತೆ ಬರುತ್ತದೆ, ಓದುಗ ದಣಿಯುತ್ತಾನೆ. ದೋಷವೇ ಸರಿ. ಆದರೆ ಆ ದಣಿವನ್ನು ಕತ್ತರಿಸಿದರೆ, ಹೊಲದಲ್ಲಿ ನಡೆಯುವಾಗ ನಿನ್ನ ನೀತಿ ಇರುವುದು ಪರಲೋಕದಲ್ಲಿ ಎಂದು ಹೊಳೆದು ಕಾಲಿನ ಸಂಕೋಲೆ ಬಿದ್ದ ಗಳಿಗೆಗೆ ಬೆಲೆಯೇ ಉಳಿಯುವುದಿಲ್ಲ. ನೀತಿ ತನ್ನ ಮನಸ್ಸಿನ ಏರಿಳಿತದಲ್ಲಿಲ್ಲ, ಕ್ರಿಸ್ತನಲ್ಲಿದೆ; ಇವತ್ತು ಎದೆ ಬೆಚ್ಚಗಿದ್ದರೂ ತಣ್ಣಗಿದ್ದರೂ ಅದು ಕದಲುವುದಿಲ್ಲ. ಲೂಥರನ ಗಲಾತ್ಯ ವ್ಯಾಖ್ಯಾನವನ್ನು ಅವನು ಬೈಬಲ್ ಬಿಟ್ಟರೆ ಮಿಕ್ಕೆಲ್ಲ ಪುಸ್ತಕಗಳಿಗಿಂತ ಮೇಲೆ ಇಟ್ಟದ್ದು ಸುಮ್ಮನೆ ಅಲ್ಲ.

ನನಗೆ ತಕರಾರು ಇರುವುದು ಬೇರೆ ಕಡೆ. ಈ ಪುಸ್ತಕದಲ್ಲಿ ಪಾಪ ಎಂದರೆ ಹೆಚ್ಚುಕಡಿಮೆ ಬನಿಯನ್ ಮತ್ತು ದೇವರ ನಡುವಿನ ವ್ಯಾಜ್ಯ ಮಾತ್ರ. ಎರಡು ಭಕ್ತಿಪುಸ್ತಕಗಳನ್ನೇ ಬಳುವಳಿಯಾಗಿ ತಂದ ಮೊದಲ ಹೆಂಡತಿಯ ಹೆಸರೂ ಇಲ್ಲಿಲ್ಲ. ತನ್ನಿಂದ ಯಾರಿಗೆ ನೋವಾಯಿತು ಎಂಬ ಪ್ರಶ್ನೆ ಅಪರೂಪಕ್ಕೆ ಏಳುತ್ತದೆ. ಎದ್ದಾಗ ಮಾತ್ರ ಬರಹದ ತೂಕವೇ ಬೇರೆ. ಅಪ್ಪಣೆಯಿಲ್ಲದೆ ಉಪದೇಶಿಸಿದ್ದಕ್ಕೆ 1660ರಲ್ಲಿ ಅವನನ್ನು ಹಿಡಿದರು. ಉಪದೇಶ ಬಿಡುತ್ತೇನೆಂದರೆ ಬಿಟ್ಟುಬಿಡುತ್ತಿದ್ದರು. ಅವನು ಒಪ್ಪದೆ 1672ರವರೆಗೆ ಸೆರೆಯಲ್ಲಿ ಕಳೆದ. ಹೊರಗೆ ಕುರುಡು ಮಗಳು. ಅವಳಿಗೆ ಬರಬಹುದಾದ ಹಸಿವು, ಚಳಿ, ಏಟುಗಳನ್ನು ನೆನೆಯುವ ಪುಟಗಳಲ್ಲಿ ಏಸಾವನೂ ಇಲ್ಲ, ದನಿಗಳೂ ಇಲ್ಲ, ಒಬ್ಬ ಅಪ್ಪ ಇದ್ದಾನೆ. ಒಳಗಿನ ಸಂಕೋಲೆ ಬಿದ್ದ ಮನುಷ್ಯ ಹೊರಗಿನ ಸಂಕೋಲೆಯನ್ನು ತಾನಾಗಿ ಉಳಿಸಿಕೊಂಡ, ಅದರ ಸುಂಕವನ್ನು ಮಗಳೂ ತೆತ್ತಳು. ಅವನು ಇದನ್ನು ಮುಚ್ಚಿಡುವುದಿಲ್ಲ.

ಕೊನೆಯಲ್ಲಿ, ಇಂದಿಗೂ ತನ್ನ ಎದೆಯಲ್ಲಿ ಏಳು ಹೇಸಿಗೆಗಳಿವೆ ಎಂದು ಪಟ್ಟಿ ಕೊಡುತ್ತಾನೆ: ಅಪನಂಬಿಕೆಯ ಕಡೆ ವಾಲುವುದು, ಕೃಪೆಯನ್ನು ಥಟ್ಟನೆ ಮರೆಯುವುದು, ಪ್ರಾರ್ಥನೆಯಲ್ಲಿ ತಣ್ಣಗಾಗುವುದು, ಇಂಥವು. ಪಾಪಕ್ಷಮೆ ಪಡೆದವನೆಂದು ಖಚಿತವಾಗಿ ನಂಬಿದವನ ಪಟ್ಟಿ ಇದು, ಅದೇ ಅದರ ಧೈರ್ಯ. ಆದರೆ ಕೂಡಲೇ, ಆ ಏಳೂ ತನ್ನ ಒಳಿತಿಗೇ ಒದಗುತ್ತವೆ ಎನ್ನಲು ಇನ್ನೊಂದು ಏಳನ್ನು ಸಾಲಾಗಿ ಜೋಡಿಸಿಬಿಡುತ್ತಾನೆ. ಅಲ್ಲಿಯವರೆಗೆ ಎಲ್ಲೂ ಸರಿಹೊಂದದ ಲೆಕ್ಕ ಇಲ್ಲಿ ಇದ್ದಕ್ಕಿದ್ದಂತೆ ತಾಳೆಯಾಗುತ್ತದೆ. ಬೋಧಕ ಬನಿಯನ್ನಿಗೆ ಈ ಎರಡನೆಯ ಪಟ್ಟಿ ಬೇಕಿತ್ತೇನೋ, ಈ ಪುಸ್ತಕಕ್ಕೆ ಬೇಕಿರಲಿಲ್ಲ.