ಗಣಕಯಂತ್ರದ ರೇಖಾಲೇಖನದಲ್ಲಿ ಆಯ್ಕೆಯೂ ತಿದ್ದುಪಡಿಯೂ: ಒಂದು ವಿಮರ್ಶೆ

1

ಯಾವುದೊಂದು ವಸ್ತುವಿನ ವಿಷಯದಲ್ಲಿ ಏನನ್ನಾದರೂ ವಿಧಿಸಬೇಕಾದರೆ ಮೊದಲು ಆ ವಸ್ತುವನ್ನು ಉಳಿದವುಗಳಿಂದ ಬೇರ್ಪಡಿಸಿ ತೋರಿಸಬೇಕೆಂಬುದು ಶಾಸ್ತ್ರಕಾರರೆಲ್ಲರೂ ಒಪ್ಪಿರುವ ಮರ್ಯಾದೆ. ಉದ್ದೇಶ್ಯವು ತಿಳಿಯದಿದ್ದರೆ ವಿಧೇಯಕ್ಕೆ ನೆಲೆಯಿಲ್ಲ. ವೈಯಾಕರಣರು ಸ್ಥಾನಿಯನ್ನು ನಿರ್ದೇಶಿಸಿ ಆದೇಶವನ್ನು ಹೇಳುವರು. ನೈಯಾಯಿಕರು ಲಕ್ಷ್ಯವನ್ನು ಮುಂದಿಟ್ಟುಕೊಂಡು ಲಕ್ಷಣವನ್ನು ಪರೀಕ್ಷಿಸುವರು. ಗಣಕಯಂತ್ರದ ಸಹಾಯದಿಂದ ನಕ್ಷೆ ಬರೆಯುವ ಈಗಿನ ವಿದ್ಯೆಯೂ ಇದೇ ಮರ್ಯಾದೆಯ ಮೇಲೆ ನಿಂತಿದೆಯೆಂಬುದು ಅದನ್ನು ಬಲ್ಲವರಿಗೆ ವಿದಿತವೇ ಇದೆ. ಅಲ್ಲಿ ಬರೆದ ಪ್ರತಿಯೊಂದು ಗೆರೆಯೂ ವೃತ್ತವೂ ಅಕ್ಷರವೂ ಒಂದೊಂದು ಪ್ರತ್ಯೇಕ ವಸ್ತು. ಅದನ್ನು ಮೊದಲು ಆರಿಸಬೇಕು. ಆಮೇಲೆ ಸರಿಸಬಹುದು, ತಿರುಗಿಸಬಹುದು, ಕತ್ತರಿಸಬಹುದು, ಅಳಿಸಬಹುದು. ಆಜ್ಞೆಯನ್ನು ಮೊದಲು ಕೊಟ್ಟು ವಸ್ತುವನ್ನು ಆಮೇಲೆ ಆರಿಸುವ ಕ್ರಮವೂ ಉಂಟು. ಆದರೂ ಆಯ್ಕೆಯಾಗುವವರೆಗೆ ಆಜ್ಞೆಯು ನಿರಾಕಾಂಕ್ಷವಾಗುವುದಿಲ್ಲವಾದುದರಿಂದ ಇದರಿಂದ ತತ್ತ್ವಹಾನಿಯಿಲ್ಲ.

ಈ ವಿದ್ಯೆಯ ಚರಿತ್ರೆ ದೀರ್ಘವಾದುದಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರವಿದ್ಯಾಲಯದಲ್ಲಿ ಐವನ್ ಸದರ್‌ಲ್ಯಾಂಡ್ ಎಂಬಾತನು 1963ರಲ್ಲಿ ತನ್ನ ಪ್ರಬಂಧದ ಮೂಲಕ ಪ್ರಕಟಿಸಿದ ‘ಸ್ಕೆಚ್‌ಪ್ಯಾಡ್’ ಇದರ ಮೂಲವೆಂದು ಹೇಳುವರು. ಬೆಳಕಿನ ಲೇಖನಿಯಿಂದ ತೆರೆಯ ಮೇಲಿನ ಗೆರೆಯನ್ನು ಮುಟ್ಟಿ ಹಿಡಿಯುವುದು, ಒಂದು ಮೂಲಾಕೃತಿಯಿಂದ ಅನೇಕ ಪ್ರತಿಗಳನ್ನು ಮಾಡಿ ಮೂಲವನ್ನು ತಿದ್ದಿದಾಗ ಪ್ರತಿಗಳೆಲ್ಲವೂ ತಾವಾಗಿಯೇ ತಿದ್ದಿಕೊಳ್ಳುವಂತೆ ಮಾಡುವುದು, ಇವೆರಡೂ ಅದರಲ್ಲಿಯೇ ಇದ್ದವು. 1982ರಲ್ಲಿ ಹೊರಬಂದ ‘ಆಟೋಕ್ಯಾಡ್’ ಈ ವಿದ್ಯೆಯನ್ನು ಸಾಮಾನ್ಯ ಕಚೇರಿಗಳ ಮೇಜಿಗೆ ತಂದಿತು. ಬೆಳಗಾವಿಯ ಉದ್ಯಮಬಾಗಿನ ಎರಕದ ಮನೆಗಳಲ್ಲಿಯೂ ಯಂತ್ರಶಾಲೆಗಳಲ್ಲಿಯೂ ಇದು ಈಗ ನಿತ್ಯದ ಉಪಕರಣ. 1998ರಲ್ಲಿ ಬೆಳಗಾವಿಯಲ್ಲಿ ಸ್ಥಾಪಿತವಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಗೆ ಗಣಕದ ಮೂಲಕ ನಕ್ಷೆ ಬರೆಯುವುದು ಪಾಠ್ಯವಿಷಯವೇ ಆಗಿದೆ.

ಯಂತ್ರದ ಬಿಡಿಭಾಗಗಳನ್ನು ಬರೆಯಲು ಪಳಗಿದ ಈ ಕೈಗಳೇ ಪ್ರಾಚೀನ ದೇವಾಲಯಗಳ ನಕ್ಷೆಗಳನ್ನೂ ಬರೆಯುವ ಕಾಲ ಬಂದಿದೆ. ಈ ಸೀಮೆಯ ಗುಡಿಗಳನ್ನು ಅಳೆದು ನಕ್ಷೆ ತೆಗೆಯುವ ಕೆಲಸ ಹೊಸದಲ್ಲ. ಜೇಮ್ಸ್ ಬರ್ಗೆಸ್ ಎಂಬ ವಿದ್ವಾಂಸನು ಬೆಳಗಾವಿ ಮತ್ತು ಕಲಾದಗಿ ಜಿಲ್ಲೆಗಳನ್ನು ಕುರಿತ ತನ್ನ ವರದಿಯನ್ನು 1874ರಷ್ಟು ಹಿಂದೆಯೇ ಪ್ರಕಟಿಸಿದ್ದನು. ಆದರೆ ಮಸಿಯ ಗೆರೆಗೂ ಗಣಕದ ಗೆರೆಗೂ ಸ್ವಭಾವಭೇದವುಂಟು. ಯಂತ್ರಭಾಗಕ್ಕೆ ಹೊಂದುವ ಆಯ್ಕೆ-ತಿದ್ದುಪಡಿಗಳ ವಿಧಾನವು ಶಿಲ್ಪಕ್ಕೂ ಹೊಂದುವುದೇ ಎಂಬುದೇ ಪ್ರಕೃತ ವಿಚಾರ.

2

ಮೊದಲು ಆಯ್ಕೆಯನ್ನು ಪರಿಶೀಲಿಸಬಹುದು. ತೆರೆಯ ಮೇಲೆ ಆಯತಾಕಾರದ ಒಂದು ಚೌಕಟ್ಟನ್ನು ಎಳೆದು ವಸ್ತುಗಳನ್ನು ಹಿಡಿಯುವುದು ರೂಢಿ. ಈ ಚೌಕಟ್ಟನ್ನು ಎಡದಿಂದ ಬಲಕ್ಕೆ ಎಳೆದರೆ ಅದು ಅಖಂಡರೇಖೆಯಿಂದ ಕೂಡಿ ನೀಲಿಯಾಗಿ ಕಾಣುವುದು. ಸಂಪೂರ್ಣವಾಗಿ ಅದರೊಳಗಿರುವ ವಸ್ತುಗಳು ಮಾತ್ರ ಆಯ್ಕೆಯಾಗುವುವು. ಬಲದಿಂದ ಎಡಕ್ಕೆ ಎಳೆದರೆ ತುಂಡುಗೆರೆಯಿಂದ ಕೂಡಿ ಹಸಿರಾಗಿ ಕಾಣುವುದು. ಒಳಗಿರುವವಲ್ಲದೆ ಅಂಚನ್ನು ಮುಟ್ಟಿದವೂ ಆಯ್ಕೆಯಾಗುವುವು. ಮೊದಲನೆಯದನ್ನು ‘ವಿಂಡೋ’ ಎಂದೂ ಎರಡನೆಯದನ್ನು ‘ಕ್ರಾಸಿಂಗ್’ ಎಂದೂ ಕರೆಯುವರು. ಕೈಯ ಚಲನೆಯ ದಿಕ್ಕೊಂದರಿಂದಲೇ ಅರ್ಥಭೇದವನ್ನು ಸೂಚಿಸುವ ಈ ಏರ್ಪಾಡು ಅತ್ಯಂತ ಲಾಘವವುಳ್ಳದ್ದೆಂದು ಒಪ್ಪಲೇಬೇಕು.

ಆದರೆ ಲಕ್ಷಣಕ್ಕೆ ಹೇಳಿರುವ ಮೂರು ದೋಷಗಳೂ ಇಲ್ಲಿ ಪ್ರತ್ಯಕ್ಷವಾಗಿ ಕಾಣುವುವು. ಬೆಳಗಾವಿಯ ಕೋಟೆಯೊಳಗಿನ ಕಮಲಬಸದಿಯ ಒಂದು ಕಂಬವನ್ನು ಆರಿಸಬೇಕಾಗಿದೆಯೆಂದು ಭಾವಿಸೋಣ. ನೀಲಿಯ ಚೌಕಟ್ಟನ್ನು ಎಳೆದರೆ, ಕಂಬಕ್ಕೇ ಸೇರಿದ ಬೋದಿಗೆಯ ಗೆರೆಯೊಂದು ಕೂದಲೆಳೆಯಷ್ಟು ಹೊರಕ್ಕೆ ಚಾಚಿದ್ದರೂ ಅದು ಬಿಟ್ಟುಹೋಗುವುದು: ಇದು ಅವ್ಯಾಪ್ತಿ. ಹಸಿರು ಚೌಕಟ್ಟನ್ನು ಎಳೆದರೆ, ಕಂಬದ ಮೇಲೆ ಹಾದುಹೋಗುವ ತೊಲೆಯ ಗೆರೆಯು ಎಷ್ಟು ಉದ್ದವಿದ್ದರೂ ಇಡಿಯಾಗಿ ಸೇರಿಬರುವುದು. ಅಧಿಷ್ಠಾನದ ಅಂಚು ಒಂದೇ ಅಖಂಡರೇಖೆಯಾಗಿ ಬರೆಯಲ್ಪಟ್ಟಿದ್ದರೆ, ಅದರ ಒಂದು ಮೂಲೆಯನ್ನು ಸೋಂಕಿದ ಮಾತ್ರಕ್ಕೆ ಬಸದಿಯ ಸುತ್ತಳತೆಯೆಲ್ಲವೂ ಕಂಬದೊಡನೆ ಹಿಡಿಯಲ್ಪಡುವುದು: ಇದು ಅತಿವ್ಯಾಪ್ತಿ. ಕಂಬವು ‘ಫ್ರೀಜ್’ ಮಾಡಿದ ಲೇಯರಿನಲ್ಲಿದ್ದರೆ ಯಾವ ಬಣ್ಣದ ಚೌಕಟ್ಟಿಗೂ ಅದು ಸಿಕ್ಕುವುದಿಲ್ಲ: ಇದು ಅಸಂಭವ. ಶಿಫ್ಟ್ ಕೀಲಿಯನ್ನು ಒತ್ತಿ ಬೇಡದವುಗಳನ್ನು ಒಂದೊಂದಾಗಿ ಬಿಡಿಸುವ ಉಪಾಯವಿದೆ. ಸಾಮಾನ್ಯವಾಗಿ ಹಿಡಿದು ವಿಶೇಷವಾಗಿ ಬಿಡುವ ಈ ಕ್ರಮವು ಉತ್ಸರ್ಗಾಪವಾದನ್ಯಾಯಕ್ಕೆ ಒಪ್ಪುತ್ತದೆ. ಆಯ್ದ ವಸ್ತುಗಳನ್ನು ಕ್ರಿಯೆಗೆ ಮೊದಲೇ ಬೆಳಗಿಸಿ ತೋರಿಸುವುದೂ ಯಂತ್ರದ ದೊಡ್ಡ ಗುಣ. ದೋಷವು ಯಂತ್ರದಲ್ಲಿಲ್ಲ, ಅದು ತೋರಿಸಿದ್ದನ್ನು ನೋಡದೆ ಮುಂದುವರಿಯುವ ಅವಸರದಲ್ಲಿದೆ.

3

ಇನ್ನು ತಿದ್ದುಪಡಿ. ಇದರಲ್ಲಿ ವಿಮರ್ಶೆಗೆ ಮುಖ್ಯವಾದವು ಮೂರು: ಆವರ್ತನ, ಪ್ರತಿಬಿಂಬ, ಕರ್ಷಣ. ಇವುಗಳನ್ನು ಕ್ರಮವಾಗಿ ‘ಅರೇ’, ‘ಮಿರರ್’, ‘ಸ್ಟ್ರೆಚ್’ ಎನ್ನುವರು.

ಆವರ್ತನವೆಂದರೆ ಒಂದು ಆಕೃತಿಯನ್ನು ಸಾಲಾಗಿ ಅಥವಾ ವೃತ್ತಾಕಾರವಾಗಿ ಬೇಕಾದಷ್ಟು ಸಲ ಇಡುವುದು. ರಟ್ಟರ ನಾಲ್ವಡಿ ಕಾರ್ತವೀರ್ಯನ ಮಂತ್ರಿಯಾದ ಬೀಚಿರಾಜನು 1204ರಲ್ಲಿ ಕಟ್ಟಿಸಿದ ಕಮಲಬಸದಿಗೆ ಆ ಹೆಸರು ಬಂದುದು ಅದರ ಮುಖಮಂಟಪದ ಮಾಳಿಗೆಯಿಂದ ಇಳಿಬಿದ್ದಿರುವ ಕಲ್ಲಿನ ಕಮಲದಿಂದ. ಅದರ ದಳಗಳು 72. ಗಣಕದಲ್ಲಿ ಇದನ್ನು ಬರೆಯುವುದಕ್ಕಿಂತ ಸುಲಭವಾದ ಕೆಲಸವಿಲ್ಲ: ಒಂದು ದಳವನ್ನು ಬರೆದು, ಕೇಂದ್ರವನ್ನು ತೋರಿಸಿ, 72 ಎಂದು ಸಂಖ್ಯೆ ಕೊಟ್ಟರೆ 5 ಅಂಶಗಳ ಅಂತರದಲ್ಲಿ ಕಮಲವು ಕ್ಷಣಮಾತ್ರದಲ್ಲಿ ಅರಳುವುದು. ಆದರೆ ಆ 72 ದಳಗಳು ಭೂತ, ವರ್ತಮಾನ, ಭವಿಷ್ಯತ್ಕಾಲಗಳ ತಲಾ 24 ತೀರ್ಥಂಕರರಿಗೆ ಆಸನಗಳು. ಒಂದೇ ದಳವನ್ನು 72 ಸಲ ಆವರ್ತಿಸಿದರೆ ದೊರೆಯುವುದು ಒಬ್ಬ ತೀರ್ಥಂಕರನ 72 ಪ್ರತಿಗಳೇ ಹೊರತು ಮೂರು ಚತುರ್ವಿಂಶತಿಗಳಲ್ಲ. ಎಂಟು ಶತಮಾನಗಳಲ್ಲಿ ಯಾವ ದಳ ಸವೆದಿದೆ, ಯಾವುದು ಮುಕ್ಕಾಗಿದೆ, ಉಳಿಯು ಎಲ್ಲಿ ತುಸು ಅಗಲವಾಗಿ ಓಡಿದೆ ಎಂಬುದೆಲ್ಲವೂ ಅಲ್ಲಿಗೇ ಲೋಪವಾಗುವುದು.

ಪ್ರತಿಬಿಂಬದ ವಿಷಯ ಇದಕ್ಕಿಂತ ಗಹನ. ಖಾನಾಪುರ ತಾಲ್ಲೂಕಿನ ಹಲಸಿಯು ಕದಂಬರ ಪಲಾಶಿಕೆ. ಅಲ್ಲಿಯ ಭೂವರಾಹ ನರಸಿಂಹ ದೇವಾಲಯದಲ್ಲಿ ಎರಡು ಗರ್ಭಗೃಹಗಳು ಎದುರುಬದುರಾಗಿವೆ. ಇಂಥ ಕಟ್ಟಡವನ್ನು ಕಂಡೊಡನೆ ನಕ್ಷೆಗಾರನ ಮನಸ್ಸು ಪ್ರತಿಬಿಂಬದ ಕಡೆಗೆ ಓಡುವುದು ಸಹಜ: ಒಂದು ಗರ್ಭಗೃಹವನ್ನು ಅಳೆದು ಬರೆದು, ನಡುವೆ ಒಂದು ಅಕ್ಷರೇಖೆಯನ್ನು ಕಲ್ಪಿಸಿದರೆ ಇನ್ನೊಂದು ತಾನಾಗಿಯೇ ಬರುವುದು. ಆದರೆ ಎರಡೂ ಸಮಾನವೆಂಬುದು ಸಾಧ್ಯವೇ ಹೊರತು ಹೇತುವಲ್ಲ. ಅಳೆದ ಮೇಲೆ ಸಿದ್ಧವಾಗಬೇಕಾದುದನ್ನು ಅಳೆಯದಿರುವುದಕ್ಕೆ ಕಾರಣವಾಗಿ ಹೇಳುವುದು ಸಾಧ್ಯಸಮವೆಂಬ ಹೇತ್ವಾಭಾಸ.

ಮೂರ್ತಿಗಳಲ್ಲಿ ಈ ದೋಷವು ಅನರ್ಥಕ್ಕೇ ಎಡೆಗೊಡುವುದು. ವಿಷ್ಣುವಿನ ಚತುರ್ವಿಂಶತಿಮೂರ್ತಿಗಳ ಭೇದವೆಲ್ಲವೂ ನಾಲ್ಕು ಕೈಗಳಲ್ಲಿ ನಾಲ್ಕು ಆಯುಧಗಳಿರುವ ಕ್ರಮವನ್ನು ಅವಲಂಬಿಸಿದೆ. ರೂಪಮಂಡನದ ಕ್ರಮದಂತೆ ಕೇಶವನ ಕೆಳಗಿನ ಬಲಗೈಯಲ್ಲಿ ಪದ್ಮ, ಮೇಲಿನ ಬಲಗೈಯಲ್ಲಿ ಶಂಖ, ಮೇಲಿನ ಎಡಗೈಯಲ್ಲಿ ಚಕ್ರ, ಕೆಳಗಿನ ಎಡಗೈಯಲ್ಲಿ ಗದೆ. ಇದನ್ನು ಪ್ರತಿಬಿಂಬಿಸಿದರೆ ಕೆಳಗಿನ ಬಲಗೈಗೆ ಗದೆಯೂ ಮೇಲಿನ ಬಲಗೈಗೆ ಚಕ್ರವೂ ಮೇಲಿನ ಎಡಗೈಗೆ ಶಂಖವೂ ಕೆಳಗಿನ ಎಡಗೈಗೆ ಪದ್ಮವೂ ಬರುವುವು. ಈ ಲಕ್ಷಣವು ಮಾಧವನದು! ಭಿತ್ತಿಯ ಎಡಭಾಗದ ಕೇಶವನನ್ನು ಅಳೆದು ಬಲಭಾಗಕ್ಕೆ ಪ್ರತಿಬಿಂಬಿಸಿದ ನಕ್ಷೆಗಾರನು, ಕಲ್ಲಿನಲ್ಲಿಲ್ಲದ ಮಾಧವನನ್ನು ತಾನರಿಯದೆಯೇ ಪ್ರತಿಷ್ಠಾಪಿಸಿರುತ್ತಾನೆ. ಸೋಜಿಗವೆಂದರೆ, ಪ್ರತಿಬಿಂಬದಲ್ಲಿ ಅಕ್ಷರಗಳು ತಿರುಗುಮುರುಗಾಗಕೂಡದೆಂಬ ಎಚ್ಚರ ಈ ಯಂತ್ರಕ್ಕೆ ಉಂಟು. ಲಿಪಿಯನ್ನು ನೇರವಾಗಿಯೇ ಉಳಿಸುವ ಏರ್ಪಾಡನ್ನು ಅದರಲ್ಲಿ ಮಾಡಿಟ್ಟಿದ್ದಾರೆ. ಮೂರ್ತಿಯೂ ಒಂದು ಲಿಪಿ, ಅದನ್ನೂ ಬಲದಿಂದ ಎಡಕ್ಕೆ ಓದಿದರೆ ಬೇರೆ ಪದವಾಗುವುದೆಂಬುದನ್ನು ಅದಕ್ಕೆ ಯಾರೂ ಹೇಳಿಕೊಟ್ಟಿಲ್ಲ.

ಮೂರನೆಯದು ಕರ್ಷಣ. ಹಸಿರು ಚೌಕಟ್ಟಿನಿಂದ ಆರಿಸಿದ ಗೆರೆಗಳಲ್ಲಿ ಚೌಕಟ್ಟಿನೊಳಗಿನ ತುದಿಗಳು ಮಾತ್ರ ಸರಿದು, ಹೊರಗಿನ ತುದಿಗಳು ಇದ್ದಲ್ಲಿಯೇ ನಿಲ್ಲುವುವು. ಗೋಡೆಯು ಹಿಗ್ಗುವುದು ಅಥವಾ ಕುಗ್ಗುವುದು. ಹಳೆಯ ಕಟ್ಟಡವನ್ನು ನಾಲ್ಕೂ ಕಡೆ ಅಳೆದು ಬರೆದಾಗ ಕೊನೆಯ ಮೂಲೆಯು ಕೂಡದೆ ಕೆಲವು ಅಂಗುಲ ತೆರೆದುಕೊಳ್ಳುವುದುಂಟು. ಇದಕ್ಕೆ ಅಳತೆಯ ತಪ್ಪು ಕಾರಣವಾಗಿರಬಹುದು, ಗೋಡೆಯೇ ವಾಲಿರಬಹುದು, ಮೂಲೆಯು ಮೊದಲಿನಿಂದಲೂ ಸಮಕೋನವಾಗಿರದೆ ಇರಬಹುದು. ಕಾರಣವನ್ನು ಹುಡುಕದೆ ಗೋಡೆಯನ್ನು ಕರ್ಷಿಸಿ ಮೂಲೆಯನ್ನು ಮುಚ್ಚಿದರೆ, ಗೆರೆಗೆ ಅಂಟಿಕೊಂಡಿರುವ ಅಳತೆಯ ಅಂಕಿಯೂ ತಾನಾಗಿಯೇ ಬದಲಾಗುವುದು. ಯಾರೂ ಅಳೆಯದ ಒಂದು ಸಂಖ್ಯೆಯು ಅಳೆದ ಸಂಖ್ಯೆಯ ವೇಷದಲ್ಲಿ ನಿಲ್ಲುವುದು. ಮೇಲೆ ಹೇಳಿದ ಎರಡು ದೋಷಗಳನ್ನು ಕಣ್ಣುಳ್ಳವರು ಸ್ಥಳಕ್ಕೆ ಹೋಗಿ ಕಂಡುಹಿಡಿಯಬಹುದು. ಇದನ್ನು ಮತ್ತೊಮ್ಮೆ ಅಳೆಯದೆ ಯಾರೂ ಕಂಡುಹಿಡಿಯಲಾರರು.

4

ಇಲ್ಲಿ ಮೂರು ಆಕ್ಷೇಪಗಳು ಹುಟ್ಟಬಹುದು. ಹಿಂದಿನ ನಕ್ಷೆಗಾರರೂ ಅರ್ಧವನ್ನು ಬರೆದು ಪಾರದರ್ಶಕ ಕಾಗದವನ್ನು ಮಗುಚಿ ಉಳಿದರ್ಧವನ್ನು ತೆಗೆಯುತ್ತಿರಲಿಲ್ಲವೇ ಎಂಬುದು ಮೊದಲನೆಯದು. ತೆಗೆಯುತ್ತಿದ್ದರು. ಆದರೆ ಅಲ್ಲಿ ಪ್ರತಿಯೊಂದು ಗೆರೆಯ ಮೇಲೂ ಕೈ ಎರಡನೆಯ ಸಲ ಹಾಯಬೇಕಾಗಿತ್ತು, ಹಾಯುವಾಗ ಸಂದೇಹಕ್ಕೆ ಅವಕಾಶವಿತ್ತು. ಗಣಕದಲ್ಲಿ ಪ್ರತಿಗೂ ಮೂಲಕ್ಕೂ ಕೂದಲಷ್ಟೂ ಭೇದವಿಲ್ಲ. ಯಾವುದು ಕಂಡದ್ದು, ಯಾವುದು ಕಲ್ಪಿಸಿದ್ದು ಎಂಬುದನ್ನು ಗೆರೆಯು ಹೇಳುವುದಿಲ್ಲ.

ಮಾಡಿದ್ದನ್ನು ಹಿಂದೆಗೆಯುವ ‘ಅಂಡೂ’ ಇರುವಾಗ ಭಯವೇಕೆ ಎಂಬುದು ಎರಡನೆಯದು. ಆಟೋಕ್ಯಾಡಿನಲ್ಲಿ ಹಿಂದೆಗೆತವು ಕಡತವನ್ನು ಮುಚ್ಚುವವರೆಗೆ ಮಾತ್ರ. ಮುಚ್ಚಿ ಮತ್ತೆ ತೆರೆದರೆ ನಕ್ಷೆಯು ತನ್ನ ಪೂರ್ವಾವಸ್ಥೆಯನ್ನು ಸ್ಮರಿಸುವುದಿಲ್ಲ. ಅಲ್ಲದೆ ತಪ್ಪೆಂದು ತಿಳಿದವನು ಹಿಂದೆಗೆಯುವನು. ತಿಳಿಯದವನಿಗೆ ಅದರಿಂದೇನು ಪ್ರಯೋಜನ?

ಲೇಸರ್ ಕಿರಣಗಳಿಂದ ಕೋಟಿಗಟ್ಟಲೆ ಬಿಂದುಗಳನ್ನು ಅಳೆಯುವ ಉಪಕರಣ ಬಂದಿರುವುದರಿಂದ ಈ ಚರ್ಚೆಯೇ ನಿರರ್ಥಕವೆಂಬುದು ಮೂರನೆಯದು. ಬಿಂದುಗಳು ಪ್ರಮಾಣವೇ ಸರಿ. ಆದರೆ ಬಿಂದುರಾಶಿಯ ಮೇಲೆ ಗೆರೆಯನ್ನು ಎಳೆಯಬೇಕಾದವನು ಮನುಷ್ಯನು. ಯಾವ ಬಿಂದುಗಳನ್ನು ಒಂದು ಅಂಚೆಂದು ಹಿಡಿಯಬೇಕು, ಯಾವುದನ್ನು ಪಾಚಿಯೆಂದೋ ಗಾರೆಯೆಂದೋ ಬಿಡಬೇಕು ಎಂಬಲ್ಲಿ ಆಯ್ಕೆಯ ಪ್ರಶ್ನೆಯೇ ಮತ್ತೆ ತಲೆಯೆತ್ತುವುದು.

5

ಹಾಗಾದರೆ ಆವರ್ತನ-ಪ್ರತಿಬಿಂಬಗಳು ಸರ್ವಥಾ ತ್ಯಾಜ್ಯವೇ? ಅಲ್ಲ. ಮೀಮಾಂಸಕರು ಪ್ರಕೃತಿಯಾಗದಲ್ಲಿ ಹೇಳಿದ ಅಂಗಗಳನ್ನು ವಿಕೃತಿಯಾಗಕ್ಕೆ ಒಯ್ಯುವುದನ್ನು ಅತಿದೇಶವೆನ್ನುವರು. ಆದರೆ ಒಯ್ದಲ್ಲಿ ದೇವತೆಯು ಬೇರೆಯಾದರೆ ಮಂತ್ರದಲ್ಲಿ ಹೆಸರನ್ನು ಬದಲಿಸುವ ಊಹವನ್ನೂ, ಪ್ರಯೋಜನವಿಲ್ಲದ ಅಂಗವನ್ನು ಬಿಡುವ ಬಾಧವನ್ನೂ ಒಡನೆಯೇ ವಿಧಿಸಿರುವರು. ಗಣಕವು ಅತಿದೇಶವನ್ನು ಬಲ್ಲದು. ಊಹ-ಬಾಧಗಳನ್ನು ನಕ್ಷೆಗಾರನೇ ಮಾಡಬೇಕು.

ಎಲ್ಲಿ ಅತಿದೇಶವು ಯುಕ್ತ, ಎಲ್ಲಿ ಅಯುಕ್ತ ಎಂಬುದಕ್ಕೆ ವಸ್ತುವಿನ ಹುಟ್ಟೇ ಪ್ರಮಾಣ. ಖಾನಾಪುರದ ಮಣ್ಣಿನ ಹಂಚುಗಳು ಒಂದೇ ಅಚ್ಚಿನಿಂದ ಹುಟ್ಟುವುವು. ಹೊಸ ಮನೆಯ ಮಾಡಿನ ನಕ್ಷೆಯಲ್ಲಿ ಒಂದು ಹಂಚನ್ನು ಬರೆದು ಸಾವಿರ ಸಲ ಆವರ್ತಿಸಿದರೆ ಅದು ಸುಳ್ಳಲ್ಲ, ಅಚ್ಚು ಮಾಡಿದ್ದನ್ನೇ ನಕ್ಷೆಯೂ ಮಾಡಿತು. ಉದ್ಯಮಬಾಗಿನ ಎರಕದ ಮಾದರಿಯನ್ನು ನಡುಗೆರೆಯಿಂದ ಪ್ರತಿಬಿಂಬಿಸಿದರೂ ಹಾಗೆಯೇ; ಅಲ್ಲಿ ನಕ್ಷೆಯು ಮೊದಲು, ವಸ್ತುವು ಆಮೇಲೆ. ಕಮಲಬಸದಿಯ ದಳವಾದರೋ ಒಂದೊಂದೂ ಬೇರೆಬೇರೆಯಾಗಿ ಉಳಿಯ ಏಟಿನಿಂದ ಹುಟ್ಟಿತು; ಇಲ್ಲಿ ವಸ್ತುವು ಮೊದಲು, ನಕ್ಷೆಯು ಆಮೇಲೆ. ಮುಂದಾಗುವುದನ್ನು ವಿಧಿಸುವ ನಕ್ಷೆ ಬೇರೆ, ಹಿಂದಾದುದಕ್ಕೆ ಸಾಕ್ಷಿ ಹೇಳುವ ನಕ್ಷೆ ಬೇರೆ. ವಿಧಿಗೆ ಲಾಘವವು ಭೂಷಣ. ಸಾಕ್ಷಿಗೆ ಅದು ದೂಷಣ.

ಈ ದೋಷಕ್ಕೆ ಪರಿಹಾರವನ್ನು ಹೊರಗೆ ಹುಡುಕಬೇಕಾಗಿಲ್ಲ. ತಾಳೆಗರಿಯ ಗ್ರಂಥವನ್ನು ಸಂಪಾದಿಸುವವನು ಗರಿಯಲ್ಲಿ ಕಂಡ ಪಾಠವನ್ನೂ ಹುಳು ತಿಂದ ಕಡೆಯಲ್ಲಿ ತಾನು ಊಹಿಸಿದ ಪಾಠವನ್ನೂ ಕಂಸಗಳಿಂದ ಬೇರೆ ಮಾಡಿ ತೋರಿಸುವನು. ಗಣಕದಲ್ಲಿ ಈ ಕಂಸದ ಕೆಲಸವನ್ನು ಲೇಯರುಗಳು ಮಾಡಬಲ್ಲವು. ಅಳೆದುದಕ್ಕೆ ಒಂದು, ಸಾದೃಶ್ಯದಿಂದ ಊಹಿಸಿದುದಕ್ಕೆ ಒಂದು, ಜೀರ್ಣೋದ್ಧಾರಕ್ಕಾಗಿ ಸೂಚಿಸಿದುದಕ್ಕೆ ಒಂದು ಎಂದು ಮೂರು ಲೇಯರುಗಳನ್ನು ಮೊದಲೇ ಮಾಡಿ, ಅಳೆದುದನ್ನು ಬರೆದು ಮುಗಿಸಿದೊಡನೆ ಅದಕ್ಕೆ ಬೀಗ ಹಾಕತಕ್ಕದ್ದು. ಬೀಗ ಹಾಕಿದ ಲೇಯರಿನ ಗೆರೆಗಳು ಕಣ್ಣಿಗೆ ಕಾಣುವುವು, ಹೊಸ ಗೆರೆಗೆ ಆಧಾರವಾಗಿ ಒದಗುವುವು, ಆದರೆ ತಿದ್ದುಪಡಿಗೆ ಒಳಗಾಗುವುದಿಲ್ಲ. ಹಸಿರು ಚೌಕಟ್ಟಿನ ಅತಿವ್ಯಾಪ್ತಿಯೂ ಆಗ ಅವುಗಳಿಗೆ ಹಾನಿ ಮಾಡಲಾರದು. ಮೂಲೆಯು ಕೂಡದಿದ್ದರೆ ಕೂಡದೆಯೇ ಇರಲಿ. ಆ ತೆರಪು ಸಹ ಒಂದು ಪಾಠ. ಹೀಗೆ ಹೆಸರಿಟ್ಟು ಬರೆದ ನಕ್ಷೆಯಲ್ಲಿ, ಅಳೆದ ಗೆರೆಗಳನ್ನಷ್ಟೇ ತೋರಿಸೆಂದು ಮುಂದಿನ ವಿದ್ವಾಂಸನು ಕೇಳಿದರೆ ಲೇಯರಿನ ಹೆಸರಿನಿಂದಲೇ ಆರಿಸಿಕೊಡುವ ಶಕ್ತಿಯೂ ಯಂತ್ರಕ್ಕುಂಟು. ನಿಜವಾದ ಆಯ್ಕೆಯು ಚೌಕಟ್ಟನ್ನೆಳೆಯುವಾಗ ನಡೆಯುವುದಲ್ಲ. ಗೆರೆಯನ್ನು ಬರೆಯುವಾಗಲೇ ಅದಕ್ಕೆ ಹೆಸರಿಡುವುದರಲ್ಲಿ ನಡೆಯುವುದು.

ಇದು ಕೇವಲ ನಕ್ಷೆಗಾರರ ಮನೆಯ ಮಾತಲ್ಲ. ಖಾನಾಪುರದ ಮಳೆಗೆ ಕಲ್ಲು ಸವೆಯುತ್ತಿದೆ. ಇಂದಲ್ಲ ನಾಳೆ ಹಲಸಿಯಲ್ಲಿ ಒಂದು ಕಲ್ಲನ್ನು ತೆಗೆದು ಹೊಸದನ್ನು ಇಡಬೇಕಾಗಬಹುದು. ಆಗ ಶಿಲ್ಪಿಯ ಕೈಯಲ್ಲಿರುವುದು ಈ ನಕ್ಷೆಯೇ. ನಕ್ಷೆಯಲ್ಲಿ ಕೇಶವನು ಮಾಧವನಾಗಿದ್ದರೆ ಕಲ್ಲಿನಲ್ಲಿಯೂ ಆಗುವನು. ಆ ಬಳಿಕ ನಕ್ಷೆಯನ್ನು ಕಲ್ಲಿನೊಡನೆ ಹೋಲಿಸಿ ನೋಡಿದವರು ಎರಡೂ ಸರಿಹೊಂದಿವೆಯೆಂದೇ ಹೇಳುವರು. ಸುಳ್ಳಿಗೆ ತಾನೇ ಸಾಕ್ಷಿಯನ್ನು ಹುಟ್ಟಿಸಿಕೊಳ್ಳುವ ಈ ಅವಕಾಶವನ್ನು ಕೊಡದಿರುವುದು, ಅಳತೆಪಟ್ಟಿಯನ್ನು ಹಿಡಿದು ಗುಡಿಯ ಬಾಗಿಲಲ್ಲಿ ಮೊದಲು ನಿಲ್ಲುವವನ ಕರ್ತವ್ಯವಾಗಿದೆ.