ಬಿಲ್ವವೃಕ್ಷದ ಮೇಲಣ ವ್ಯಾಧ

ಮಾಘ ಬಹುಳ ಚತುರ್ದಶಿಯ ರಾತ್ರಿ ಶಿವಾಲಯಗಳಲ್ಲಿಯೂ ಮನೆಗಳಲ್ಲಿಯೂ ಹೇಳಿ ಕೇಳುವ ವ್ಯಾಧನ ಕಥೆಯನ್ನು ಅರಿಯದವರು ಕನ್ನಡ ನಾಡಿನಲ್ಲಿ ವಿರಳ. ಜಾಗರಣೆಯ ನಿದ್ದೆಗಣ್ಣಿನಲ್ಲಿ ಕೇಳುವ ಕಥೆಯಾದುದರಿಂದಲೋ ಏನೋ, ಅದರ ಫಲಶ್ರುತಿ ಮಾತ್ರ ನೆನಪಿನಲ್ಲಿ ಉಳಿದು ಕಥೆಯ ಬಂಧವು ಮರೆತುಹೋಗುತ್ತದೆ. ಅರಿಯದೆ ಉದುರಿಸಿದ ಬಿಲ್ವದಳಗಳಿಗೆ ಪರಮಪದವು ದೊರೆಯಿತೆಂಬುದೇ ತಾತ್ಪರ್ಯವೆಂದು ಭಕ್ತನು ಸಂತೋಷಪಡುತ್ತಾನೆ. ಅದೇ ತಾತ್ಪರ್ಯವೆಂದು ಆಧುನಿಕನು ನಗುತ್ತಾನೆ. ಇಬ್ಬರ ತಪ್ಪೂ ಒಂದೇ. ಮರವನ್ನೇರಿ ಜಿಂಕೆಗಾಗಿ ಕಾಯುವ ಬೇಟೆಯ ಕ್ರಮವನ್ನು ತಿಳಿದು ಓದಿದರೆ, ಈ ಕಥೆಯ ತಿರುಳು ಎಲೆಯಲ್ಲಿಲ್ಲ, ಕಾಯುವಿಕೆಯಲ್ಲಿದೆ ಎಂಬುದು ಗೋಚರವಾಗುತ್ತದೆ.

ಕಥೆಯು ವಿಸ್ತಾರವಾಗಿ ದೊರೆಯುವುದು ಶಿವಪುರಾಣದ ಕೋಟಿರುದ್ರಸಂಹಿತೆಯಲ್ಲಿ. ಗುರುದ್ರುಹನೆಂಬ ಬೇಡನು ಹಸಿದ ತಂದೆತಾಯಿಗಳಿಗೂ ಹೆಂಡತಿಗೂ ಆಹಾರವನ್ನು ತರಲೆಂದು ಹೊರಟು, ದಿನವೆಲ್ಲ ಅಲೆದರೂ ಏನೂ ಸಿಕ್ಕದೆ, ಸಂಜೆಗೆ ಒಂದು ಜಲಾಶಯದ ದಡವನ್ನು ಸೇರುತ್ತಾನೆ. ನೀರಿಗೆ ಯಾವುದಾದರೂ ಮೃಗವು ಬಂದೇ ಬರುವುದೆಂದು ನಿಶ್ಚಯಿಸಿ, ಕುಡಿಯಲು ಸ್ವಲ್ಪ ನೀರನ್ನು ಜೊತೆಗಿಟ್ಟುಕೊಂಡು ಬಿಲ್ವವೃಕ್ಷವನ್ನೇರಿ ಕುಳಿತುಕೊಳ್ಳುತ್ತಾನೆ. ಮೊದಲ ಯಾಮದಲ್ಲಿ ಒಂದು ಹರಿಣಿ, ಎರಡನೆಯ ಯಾಮದಲ್ಲಿ ಅದರ ತಂಗಿ, ಮೂರನೆಯ ಯಾಮದಲ್ಲಿ ಗಂಡುಜಿಂಕೆ ಬರುತ್ತವೆ. ಪ್ರತಿಸಲವೂ ಅವನು ಬಾಣವನ್ನು ಹೂಡುವಾಗ ನೀರೂ ಎಲೆಯೂ ಕೆಳಗಿದ್ದ ಲಿಂಗದ ಮೇಲೆ ಬೀಳುತ್ತವೆ. ಪ್ರತಿಯೊಂದು ಮೃಗವೂ, ಮರಿಗಳನ್ನು ಒಪ್ಪಿಸಿ ಬರುವೆನೆಂದು ಆಣೆಯಿಟ್ಟು ಅಪ್ಪಣೆಯನ್ನು ಬೇಡುತ್ತದೆ, ಅವನು ಕೊಡುತ್ತಾನೆ. ನಾಲ್ಕನೆಯ ಯಾಮದಲ್ಲಿ ಎಲ್ಲವೂ ಮರಿಗಳೊಡನೆ ತಿರುಗಿ ಬರುತ್ತವೆ. ಬೇಡನು ಬಿಲ್ಲನ್ನು ಇಳಿಸುತ್ತಾನೆ, ಶಿವನು ಪ್ರತ್ಯಕ್ಷನಾಗುತ್ತಾನೆ.

ಇಲ್ಲಿ ಮೊದಲು ವಿಚಾರಿಸತಕ್ಕದ್ದು, ಬೇಡನು ಮರವನ್ನೇಕೆ ಏರಿದನೆಂಬುದು. ಜಿಂಕೆಗೆ ಕಣ್ಣಿಗಿಂತ ಮೂಗೂ ಕಿವಿಯೂ ಹೆಚ್ಚಿನ ಕಾವಲು. ನೆಲದ ಮೇಲಿರುವ ಮನುಷ್ಯನ ವಾಸನೆಯನ್ನು ಗಾಳಿಯು ಹೊತ್ತು ತಂದರೆ ಅದು ಬಹುದೂರದಲ್ಲಿಯೇ ನಿಂತುಬಿಡುತ್ತದೆ. ಎತ್ತರದಲ್ಲಿ ಕುಳಿತವನ ವಾಸನೆಯು ಸ್ವಲ್ಪಮಟ್ಟಿಗೆ ಅದರ ತಲೆಯ ಮೇಲೆಯೇ ಸಾಗಿಹೋಗುತ್ತದೆ. ಜಿಂಕೆಯು ಸಾಮಾನ್ಯವಾಗಿ ಅಪಾಯವನ್ನು ಮೇಲುಗಡೆ ಹುಡುಕುವುದೂ ಇಲ್ಲ. ಆದರೆ ಈ ಲಾಭಕ್ಕೆ ಬೆಲೆಯುಂಟು. ಮರದಲ್ಲಿ ಕುಳಿತವನು ಬೆನ್ನಟ್ಟಲಾರನು, ಸ್ಥಳವನ್ನು ಬದಲಿಸಲಾರನು, ಕೆಮ್ಮಲಾರನು, ನಿದ್ರಿಸಲಾರನು. ಮೃಗವು ತಾನಾಗಿ ಬರುವವರೆಗೆ ಅವನು ಮರದ ಒಂದು ಕೊಂಬೆಯಂತೆ ಇರಬೇಕು. ನಮ್ಮ ಕಾಡುಗಳಲ್ಲಿ ಅಟ್ಟಣೆಯನ್ನು ಕಟ್ಟಿ ಕಾಯುತ್ತಿದ್ದವರ ನಿಯಮವೂ ಇದೇ ಆಗಿದ್ದಿತು. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಕ್ರಿ.ಶ. 1129ರ ಸುಮಾರಿಗೆ ರಚಿಸಿದ ಮಾನಸೋಲ್ಲಾಸದಲ್ಲಿ ಜಿಂಕೆಯ ಬೇಟೆಯ ನಾನಾ ಕ್ರಮಗಳಿವೆ. ಪಳಗಿಸಿದ ಜಿಂಕೆಯನ್ನು ಮುಂದಿಟ್ಟು ಕಾಡಿನ ಜಿಂಕೆಯನ್ನು ಬಳಿಗೆ ಸೆಳೆಯುವ ಉಪಾಯವೂ ಅವುಗಳಲ್ಲೊಂದು. ಅರಸನಿಗೆ ಅದು ವಿನೋದ. ಗುರುದ್ರುಹನಿಗೆ ಹೊಟ್ಟೆಯ ಪಾಡು.

ದೇಶಾಂತರದಲ್ಲಿ ಇಂದಿಗೂ ಈ ಕ್ರಮವು ಬಳಕೆಯಲ್ಲಿದೆ. ಅಮೆರಿಕದಲ್ಲಿ ಬಿಳಿಬಾಲದ ಜಿಂಕೆಯನ್ನು ಬೇಟೆಯಾಡುವವರು ಮರವನ್ನೇರುವ ಒಂದು ಪೀಠವನ್ನು ಬೆನ್ನ ಮೇಲೆ ಹೊತ್ತು ಕಾಡಿಗೆ ಹೋಗುತ್ತಾರೆ. ಅದರಲ್ಲಿ ಕುಳಿತುಕೊಳ್ಳುವ ಭಾಗವೊಂದು, ಕಾಲಿಡುವ ಭಾಗವೊಂದು. ಎರಡೂ ಮರದ ಕಾಂಡವನ್ನು ಬಳಸಿ ಹಿಡಿಯುತ್ತವೆ. ಮೇಲಣ ಭಾಗದ ಮೇಲೆ ಭಾರವನ್ನಿಟ್ಟು ಕಾಲುಗಳಿಂದ ಕೆಳಗಣದನ್ನು ಎತ್ತುವುದು, ಕೆಳಗಣದರ ಮೇಲೆ ನಿಂತು ಮೇಲಣದನ್ನು ಸರಿಸುವುದು. ಹೀಗೆ ಕಂಬಳಿಹುಳುವಿನಂತೆ ಹದಿನೈದು ಇಪ್ಪತ್ತು ಅಡಿ ಏರುತ್ತಾರೆ. ಕೊಂಬೆಗಳಿಲ್ಲದ ನೆಟ್ಟನೆಯ ಮರವೇ ಅದಕ್ಕೆ ಬೇಕು. ಮರದಿಂದ ಬೀಳುವುದು ಅಲ್ಲಿಯ ಬೇಟೆಗಾರರ ಅಪಘಾತಗಳಲ್ಲಿ ಪ್ರಮುಖವಾದುದರಿಂದ, ಮೈಗೆ ಪಟ್ಟಿಯನ್ನು ತೊಟ್ಟು ಅದನ್ನು ಕಾಂಡಕ್ಕೆ ಬಿಗಿದುಕೊಳ್ಳಬೇಕೆಂದು ತಿಳಿದವರು ವಿಧಿಸುತ್ತಾರೆ. ಭಾರತದಲ್ಲಾದರೋ 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮದಂತೆ ಜಿಂಕೆಯ ಬೇಟೆಯು ಅಪರಾಧ. ಉಪಕರಣ ಬೇರೆ, ನ್ಯಾಯ ಬೇರೆ. ಆದರೆ ಗಾಳಿಯನ್ನು ನೋಡಿ ಮರವನ್ನು ಆರಿಸುವುದು, ಅಲುಗದಿರುವುದು, ಎಚ್ಚರವಾಗಿರುವುದು, ಈ ಮೂರು ವ್ರತಗಳು ಅಂದಿಗೂ ಇಂದಿಗೂ ಒಂದೇ.

ವ್ರತಗಳೆಂದು ಹೇಳಿದುದು ಅಲಂಕಾರಕ್ಕಾಗಿ ಅಲ್ಲ. ಶಿವರಾತ್ರಿಗೆ ವಿಹಿತವಾದವು ಉಪವಾಸ, ಜಾಗರಣ, ಏಕಾಗ್ರತೆ. ಮರದ ಮೇಲಣ ಬೇಡನಿಗೆ ಈ ಮೂರೂ ಅವನ ವೃತ್ತಿಯಿಂದಲೇ ಸಿದ್ಧವಾಗಿವೆ. ಪುರಾಣಕಾರನು ಅವನಿಗೆ ಹೊರಗಿನಿಂದ ಧರ್ಮವನ್ನು ತಂದು ಅಂಟಿಸಿಲ್ಲ. ಕಸಬಿನೊಳಗೇ ಅಡಗಿದ್ದ ತಪಸ್ಸನ್ನು ಎತ್ತಿ ತೋರಿಸಿದ್ದಾನೆ. ಮರವನ್ನು ಆರಿಸಿದುದರಲ್ಲಿಯೂ ಅವನ ಜಾಣ್ಮೆ ಕಾಣುತ್ತದೆ. ಬಿಲ್ವವು ಮುಳ್ಳಿನ ಮರ. ಅದರಲ್ಲಿ ಕುಳಿತವನಿಗೆ ನಿದ್ರೆಯು ಸುಲಭವಾಗಿ ಬಾರದು. ಎಲೆ ಬಿದ್ದ ಸದ್ದಿಗೆ ಜಿಂಕೆಯು ಓಡಿಹೋಗಬೇಡವೇ ಎಂದು ಕೆಲವರು ಕೇಳಬಹುದು. ಹಗಲಿನಲ್ಲಿ ಮುಸುವಗಳು ಮರದಿಂದ ಚೆಲ್ಲುವ ಎಲೆಕಾಯಿಗಳನ್ನು ಮೇಯಲು ಚುಕ್ಕೆಜಿಂಕೆಗಳು ಕೆಳಗೆ ನೆರೆಯುವುದನ್ನು ನಮ್ಮ ಕಾಡುಗಳಲ್ಲಿ ಕಂಡವರಿದ್ದಾರೆ. ಉದುರುವ ಎಲೆಯು ಜಿಂಕೆಗೆ ಹಗೆಯಲ್ಲ.

ಒಂದು ದೋಷವನ್ನು ಮಾತ್ರ ಒಪ್ಪಬೇಕು. ಬಹುಳ ಚತುರ್ದಶಿಯ ರಾತ್ರಿ ಚಂದ್ರನು ಉದಯಿಸುವುದು ಬೆಳಗಾಗುವ ಸಮಯಕ್ಕೆ, ಅದೂ ಎಳೆಯಷ್ಟೇ. ಹಾಗಿರಲು ಬೇಡನು ಹರಿಣಿಯನ್ನು ಕಂಡು ಹರ್ಷಿಸಿದನೆಂಬುದು ಹೇಗೆ ಹೊಂದೀತು? ಪುರಾಣಕಾರನು ಇದನ್ನು ಲೆಕ್ಕಿಸಿಲ್ಲ. ಆದರೆ ಈ ಕತ್ತಲೆಯೇ ಕಥೆಗೆ ಬೇರೊಂದು ವಿಧದಲ್ಲಿ ಉಪಕಾರಿಯಾಗಿದೆ. ಕೆಳಗೆ ಲಿಂಗವಿರುವುದು ಅವನಿಗೆ ತಿಳಿಯದಿರುವುದು ಕತ್ತಲೆಯಿಂದ ಸಹಜವಾಗುತ್ತದೆ. ಕಣ್ಣು ಸೋತಲ್ಲಿ ಕಿವಿಯೇ ಪ್ರಧಾನವಾಗುತ್ತದೆ. ಬಿಲ್ಲಿನ ಸದ್ದು, ನೀರಿನ ಹನಿ, ಎಲೆಯ ಮರ್ಮರ, ಬಳಿಕ ಮೃಗದ ಮಾತು. ಆ ರಾತ್ರಿಯೆಲ್ಲವೂ ಶಬ್ದದಿಂದಲೇ ನಡೆಯುತ್ತದೆ.

ಶಬ್ದವೆಂದೊಡನೆ ಸಹೃದಯರಿಗೆ ಮತ್ತೊಬ್ಬ ಬೇಟೆಗಾರನು ನೆನಪಾಗದಿರನು. ರಾಮಾಯಣದ ಅಯೋಧ್ಯಾಕಾಂಡದಲ್ಲಿ ದಶರಥನು ತನ್ನ ಯೌವನದ ಪಾಪವನ್ನು ಕೌಸಲ್ಯೆಗೆ ಹೇಳುತ್ತಾನೆ. ಅವನೂ ರಾತ್ರಿಯಲ್ಲಿ, ಸರಯುವಿನ ತೀರದಲ್ಲಿ, ನೀರಿಗೆ ಬರುವ ಮೃಗಕ್ಕಾಗಿ ಕಾದಿದ್ದನು. ಕೊಡವು ತುಂಬುವ ಸದ್ದನ್ನು ಆನೆಯ ಸದ್ದೆಂದು ಭ್ರಮಿಸಿ ಬಾಣವನ್ನು ಬಿಟ್ಟನು. ಅನಂತರ ಕೇಳಿಸಿದುದು ಮುನಿಕುಮಾರನ ಆರ್ತಧ್ವನಿ. ಸ್ಥಳವೊಂದೇ, ಹೊತ್ತೊಂದೇ, ಕೈಯಲ್ಲಿದ್ದ ಆಯುಧವೂ ಒಂದೇ. ಅರಸನು ಶಬ್ದವೇಧಿ, ಶಬ್ದವನ್ನು ಕೇಳಿದ ಕ್ಷಣವೇ ಬಾಣವು ಹೊರಟಿತು, ಮಾತು ತಡವಾಗಿ ಬಂದಿತು. ಬೇಡನು ಬಾಣವನ್ನು ಹೂಡಿದನು, ಬಿಡಲಿಲ್ಲ. ಆ ನಡುವೆ ಮಾತು ಬಂದಿತು, ಅವನು ಕೇಳಿದನು. ಹೂಡುವುದಕ್ಕೂ ಬಿಡುವುದಕ್ಕೂ ನಡುವಣ ಈ ಅವಕಾಶವೇ ಕಥೆಯ ಹೃದಯ. ವಿದ್ಯಾವಂತನಾದ ಅರಸನಿಗೆ ಇಲ್ಲದಿದ್ದ ಈ ಅವಕಾಶವು ಬೇಡನಿಗೆ ಎಲ್ಲಿಂದ ಬಂದಿತು? ಮರದ ಮೇಲಣ ಕಾಯುವಿಕೆಯೇ ಅದನ್ನು ಕಲಿಸಿತೆಂದು ಹೇಳಿದರೆ ತಪ್ಪಾಗದು. ಗುರಿಯು ಖಚಿತವಾಗುವವರೆಗೆ ಬಾಣವನ್ನು ಬಿಡದಿರುವುದೇ ಅವನ ಕಸಬಿನ ಮೊದಲ ಪಾಠವಷ್ಟೆ.

ಇದೇ ಕಥೆಯ ಬೇರೆ ಪಾಠಗಳನ್ನು ಹೋಲಿಸಿದರೆ ಈ ಮಾತು ಸ್ಪಷ್ಟವಾದೀತು. ಗರುಡಪುರಾಣದಲ್ಲಿ ಬೇಡನ ಹೆಸರು ಸುಂದರಸೇನಕ. ಅಲ್ಲಿ ಎಲೆಯು ಬೀಳುತ್ತದೆ, ನೀರು ಚೆಲ್ಲುತ್ತದೆ, ಜಾರಿದ ಬಾಣವನ್ನು ಎತ್ತಿಕೊಳ್ಳುವಾಗ ಲಿಂಗಸ್ಪರ್ಶವೂ ಆಗುತ್ತದೆ. ಆದರೆ ಮಾತನಾಡುವ ಜಿಂಕೆಯೇ ಇಲ್ಲ. ಜನರ ಬಾಯಲ್ಲಿರುವ ಮತ್ತೊಂದು ಪಾಠದಲ್ಲಿ ಹುಲಿಗೆ ಹೆದರಿ ಮರವನ್ನೇರಿದವನು, ನಿದ್ರೆಯಲ್ಲಿ ಬಿದ್ದೇನೆಂದು ಎಲೆಗಳನ್ನು ಕಿತ್ತು ಹಾಕುತ್ತಾನೆ. ಮೊದಲನೆಯದರಲ್ಲಿ ಪುಣ್ಯವು ಆಕಸ್ಮಿಕ, ಎರಡನೆಯದರಲ್ಲಿ ಭಯಮೂಲ. ಎರಡರಲ್ಲಿಯೂ ವ್ಯಾಧನು ಬೆಳಗಾಗುವಾಗ ಹಿಂದಿನ ಸಂಜೆಯ ವ್ಯಾಧನೇ. ಶಿವಪುರಾಣದ ಪಾಠದಲ್ಲಿ ಮಾತ್ರ ಅವನು ಮೂರು ಸಲ ನಂಬಿ, ಹಸಿವನ್ನು ಮೂರು ಸಲ ನುಂಗಿ, ನಾಲ್ಕನೆಯ ಸಲ ಬೇರೆಯವನಾಗುತ್ತಾನೆ. ಎಲೆಯು ಅವನನ್ನು ಶುದ್ಧಿಗೊಳಿಸಿತೆಂದು ಪುರಾಣವು ಹೇಳುವುದು ನಿಜ. ಆದರೆ ಬಿಲ್ಲನ್ನು ಇಳಿಸಿದ ಕೈ ಅವನದೇ.

ಕನ್ನಡಿಗರಿಗೆ ಇಲ್ಲಿ ಗೋವಿನ ಹಾಡು ನೆನಪಾಗುವುದು ಸಹಜ. ಪುಣ್ಯಕೋಟಿಯೂ ಕರುವಿಗೆ ಹಾಲೂಡಿಸಿ ಬರುವೆನೆಂದು ಮಾತುಕೊಟ್ಟು ಹೋಗಿ ತಿರುಗಿ ಬರುತ್ತದೆ. ಅದರ ಬಂಧುವಾದ ನಂದೆಯೆಂಬ ಹಸುವಿನ ಕಥೆಯು ಪದ್ಮಪುರಾಣದಲ್ಲಿದೆ. ಅಲ್ಲಿಯ ಹುಲಿಯು ಪೂರ್ವದಲ್ಲಿ ಪ್ರಭಂಜನನೆಂಬ ಅರಸನಾಗಿದ್ದು, ಮರಿಗೆ ಹಾಲೂಡುತ್ತಿದ್ದ ಹರಿಣಿಯನ್ನು ಹೊಡೆದುದರಿಂದ ಶಾಪಗ್ರಸ್ತನಾದವನು. ಗೋವಿನ ಹಾಡಿನ ಹುಲಿಯು ಪಶ್ಚಾತ್ತಾಪದಿಂದ ಪ್ರಾಣವನ್ನೇ ಬಿಡುತ್ತದೆ. ಹುಲಿಗೆ ಬೇರೆ ಆಹಾರವಿಲ್ಲ, ಬೇರೆ ದಾರಿಯೂ ಇಲ್ಲ. ಮನುಷ್ಯನಿಗೆ ದಾರಿಯುಂಟು. ಆದುದರಿಂದ ಬೇಡನು ಸಾಯಬೇಕಾಗಿಲ್ಲ, ಬದುಕನ್ನು ಬದಲಿಸಿದರೆ ಸಾಕು. ಕರುಣರಸದಲ್ಲಿ ಗೋವಿನ ಹಾಡು ಮೇಲು. ಮನುಷ್ಯಧರ್ಮದ ವಿವೇಚನೆಯಲ್ಲಿ ವ್ಯಾಧನ ಕಥೆಯು ಮೇಲು.

ಹೀಗೆಂದು ಕಥೆಯ ಉಪಸಂಹಾರವನ್ನು ಹೊಗಳುವಂತಿಲ್ಲ. ಶಿವನು ಬೇಡನಿಗೆ ಗುಹನೆಂಬ ಹೆಸರನ್ನೂ ಶೃಂಗವೇರಪುರದ ಒಡೆತನವನ್ನೂ ರಾಮನ ಸಖ್ಯವನ್ನೂ ಅನುಗ್ರಹಿಸುತ್ತಾನೆ. ಜಿಂಕೆಗಳು ಶಾಪವಿಮುಕ್ತವಾಗಿ ದಿವ್ಯರೂಪವನ್ನು ಪಡೆಯುತ್ತವೆ. ಶಾಪಗ್ರಸ್ತರಾದ ದಿವ್ಯರು ಸತ್ಯವನ್ನು ನಡೆಸಿದರೆ ಆಶ್ಚರ್ಯವೇನು? ಅವು ಬರಿಯ ಜಿಂಕೆಗಳಾಗಿದ್ದರೇ ಬೇಡನ ನಾಚಿಕೆಗೆ ಅರ್ಥವಿರುತ್ತಿದ್ದಿತು. ಇದಕ್ಕಿಂತಲೂ ದೊಡ್ಡ ಕೊರತೆಯೊಂದಿದೆ. ಮನೆಯಲ್ಲಿ ಹಸಿದು ಕಾಯುತ್ತಿದ್ದ ತಂದೆತಾಯಿಗಳ ಮಾತನ್ನು ಆರಂಭದಲ್ಲಿ ಎತ್ತಿದ ಪುರಾಣಕಾರನು ಕೊನೆಯಲ್ಲಿ ಅವರನ್ನು ಮರೆತುಬಿಟ್ಟಿದ್ದಾನೆ. ಮರಿಗಳಿಗಾಗಿ ಜಿಂಕೆಗಳು ಅಪ್ಪಣೆ ಬೇಡಿದವು. ಬೇಡನೂ ಯಾರದೋ ಮಗನಲ್ಲವೇ? ಆ ಬೆಳಿಗ್ಗೆ ಆ ಮುದುಕರು ಏನನ್ನು ಉಂಡರೆಂಬ ಪ್ರಶ್ನೆಗೆ ರಾಜ್ಯಪ್ರಾಪ್ತಿಯ ವರವು ಉತ್ತರವಾಗದು. ವರವಿಲ್ಲದ ನಮ್ಮಂಥವರ ಲೋಕದಲ್ಲಿ ದಯೆಗೆ ಬೆಲೆ ತೆರುವವರು ಬಹುಮಟ್ಟಿಗೆ ಮನೆಯಲ್ಲಿ ಕಾಯುವವರೇ. ಈ ಕಷ್ಟವನ್ನು ಎದುರಿಸಿ ಬಿಡಿಸಿದ್ದರೆ ಕಥೆಯು ಇನ್ನೂ ಎತ್ತರಕ್ಕೆ ಏರುತ್ತಿದ್ದಿತು.

ಆದರೂ ಇಷ್ಟು ಕಾಲದಿಂದ ಉಳಿದು ಬಂದ ಕಥೆಯಲ್ಲಿ ಉಳಿಯತಕ್ಕ ಗುಣವಿದೆ. ಶಿವರಾತ್ರಿಯ ಸಂಜೆ ಕತ್ತಲಾದೊಡನೆ ಮೃಗಶಿರಾ ನಕ್ಷತ್ರವೂ ಅದರ ಹಿಂದೆ ಲುಬ್ಧಕವೂ ಆಕಾಶದಲ್ಲಿ ಎತ್ತರವಾಗಿ ಹೊಳೆಯುತ್ತವೆ. ಐತರೇಯ ಬ್ರಾಹ್ಮಣದಲ್ಲಿ ಮೃಗವನ್ನು ಬಾಣದಿಂದ ಭೇದಿಸಿದ ಆ ಮೃಗವ್ಯಾಧನು ರುದ್ರನೇ. ಮೇಲೆ ಬಾಣವನ್ನು ಬಿಟ್ಟ ದೇವ, ಕೆಳಗೆ ಬಾಣವನ್ನು ಬಿಡದ ಬೇಡ. ಜಾಗರಣೆಯ ರಾತ್ರಿ ಅಂಗಳಕ್ಕೆ ಬಂದು ತಲೆಯೆತ್ತಿ ನೋಡುವ ವಾಚಕರು, ಬಿದ್ದ ಎಲೆಗಳನ್ನು ಎಣಿಸುವುದನ್ನು ಬಿಟ್ಟು, ಬಿಡದೆ ಉಳಿದ ಆ ಬಾಣವನ್ನೊಮ್ಮೆ ನೆನೆಯುವುದು ಉಚಿತ.